ನಿಮ್ಮ ಹೆಸರಲ್ಲಿ ಇನ್ನೊಬ್ಬರು ಸಾಲ ತೆಗೆಯದಂತೆ: ಮೊಬೈಲ್ ನಂಬರ್, ಆಧಾರ್, ಪ್ಯಾನ್ ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಆಧಾರ್ ಝೆರಾಕ್ಸ್ ಇಲ್ಲಿಯವರೆಗೆ ಎಲ್ಲೆಲ್ಲಿ ಕೊಟ್ಟಿದ್ದೀರಿ ಎಂದು ನೆನಪಿಸಿಕೊಳ್ಳಲು ಕೂತರೆ ಪಟ್ಟಿ ಮುಗಿಯುವುದಿಲ್ಲ. ಸಿಮ್ ಅಂಗಡಿ, ಗ್ಯಾಸ್ ಏಜೆನ್ಸಿ, ಮಕ್ಕಳ ಶಾಲೆ, ಪಿಜಿ, ಲಾಡ್ಜ್, ಸಹಕಾರ ಸಂಘ, ಉಪನೋಂದಣಾಧಿಕಾರಿ ಕಚೇರಿ. ಕೊಟ್ಟ ಪ್ರತಿಗಳಲ್ಲಿ ಒಂದನ್ನೂ ವಾಪಸ್ ತರಿಸಲು ಆಗದು. ಹಾಗಾಗಿ ನಿಮ್ಮ ಆಧಾರ್ ಸಂಖ್ಯೆ, ಪ್ಯಾನ್, ಹುಟ್ಟಿದ ದಿನಾಂಕ, ವಿಳಾಸ ಇವೆಲ್ಲ ಈಗಾಗಲೇ ಬೇರೆಯವರ ಕೈಯಲ್ಲಿವೆ ಎಂದೇ ಹಿಡಿದು ಮುಂದಿನ ಕೆಲಸ ಮಾಡಬೇಕು. ಆ ಮಾಹಿತಿ ಕೈಯಲ್ಲಿದ್ದವನಿಗೂ ಅದರಿಂದ ಏನೂ ಮಾಡಲಾಗದಂತೆ ಬೀಗ ಹಾಕುವುದು, ಹಾಕಿದ ಬೀಗ ಮುರಿದರೆ ಬೇಗ ಗೊತ್ತಾಗುವಂತೆ ನೋಡಿಕೊಳ್ಳುವುದು. ಇಲ್ಲಿ ಹೇಳುವುದೆಲ್ಲ ಈ ಎರಡು ಕೆಲಸಗಳ ವಿವರ. ಎಲ್ಲವನ್ನೂ ಸೇರಿಸಿದರೂ ಒಂದು ಭಾನುವಾರದ ಮಧ್ಯಾಹ್ನ ಸಾಕು.

ಕಳ್ಳನಿಗೆ ಏನೇನು ಬೇಕು

ನಿಮ್ಮ ಹೆಸರಿನಲ್ಲಿ ಆ್ಯಪ್ ಮೂಲಕ ಸಾಲ ತೆಗೆಯುವವನಿಗೆ ಪ್ಯಾನ್, ಹೆಸರು, ಹುಟ್ಟಿದ ದಿನಾಂಕ ಬೇಕು. ಮೊಬೈಲ್ ನಂಬರ್ ಮತ್ತು ಇಮೇಲ್ ಜಾಗದಲ್ಲಿ ಅವನು ತನ್ನದೇ ಬರೆಯುತ್ತಾನೆ. ಸಾಲ ಕೊಟ್ಟ ಸಂಸ್ಥೆ ಗುರುತು ಪರಿಶೀಲನೆಯಲ್ಲಿ ಸಡಿಲ ಬಿಟ್ಟರೆ ಹಣ ಅವನ ಖಾತೆಗೆ, ಕಂತು ನಿಮ್ಮ ತಲೆಗೆ. ನಿಮಗೆ ಒಟಿಪಿಯೂ ಬರುವುದಿಲ್ಲ, ಎಸ್‌ಎಂಎಸ್ಸೂ ಬರುವುದಿಲ್ಲ. ಎಷ್ಟೋ ಜನರಿಗೆ ವಿಷಯ ಗೊತ್ತಾಗುವುದು ಮನೆ ಸಾಲಕ್ಕೆ ಅರ್ಜಿ ಹಾಕಿ ತಿರಸ್ಕೃತರಾದಾಗ, ಇಲ್ಲವೇ ವಸೂಲಿ ಏಜೆಂಟ್ ಫೋನ್ ಮಾಡಿದಾಗ.

ಆಧಾರ್ ಮೂಲಕ ನಗದು ತೆಗೆಯುವ ವ್ಯವಸ್ಥೆಗೆ ಎಇಪಿಎಸ್ ಎನ್ನುತ್ತಾರೆ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುವುದು ಇದರಿಂದಲೇ. ಇದಕ್ಕೆ ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ ಗರಿಷ್ಠ 10,000 ರೂಪಾಯಿ ಎಂಬ ಮಿತಿ ಇರುವುದರಿಂದ ವಂಚಕರು ಹತ್ತು ಹತ್ತು ಸಾವಿರದಂತೆ, ಖಾತೆ ಬರಿದಾಗುವವರೆಗೂ ಮತ್ತೆ ಮತ್ತೆ ತೆಗೆಯುತ್ತಾರೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಹೀಗೆ ಹಣ ಹೋಯಿತು. ನೋಂದಾಯಿತ ದಸ್ತಾವೇಜಿನ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಇರುತ್ತಿತ್ತು, ಹೆಬ್ಬೆಟ್ಟಿನ ಗುರುತೂ ಇರುತ್ತಿತ್ತು. ಕಾಗದದ ಮೇಲಿನ ಗುರುತಿನಿಂದ ಸಿಲಿಕಾನ್ ಅಥವಾ ಅಂಟಿನ ಅಚ್ಚು ತೆಗೆದು ಯಂತ್ರದ ಮೇಲೆ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಬೆರಳು ಜೀವಂತವೇ ಎಂದು ಪರೀಕ್ಷಿಸುವ ವ್ಯವಸ್ಥೆಯನ್ನು ಆಧಾರ್ ಪ್ರಾಧಿಕಾರ ಅದೇ ವರ್ಷ ಬಿಗಿ ಮಾಡಿತು. ಆದರೂ ನಿಮ್ಮ ಕಡೆಯ ಬೀಗವನ್ನು ನೀವೇ ಹಾಕಿಕೊಳ್ಳುವುದು ಕ್ಷೇಮ.

ಮೂರನೆಯದು ಸಿಮ್. ಹೊಸ ಸಿಮ್ ಕೊಳ್ಳುವಾಗ ಅಂಗಡಿಯವನು "ಸರ್ವರ್ ಬರ್ಲಿಲ್ಲ, ಇನ್ನೊಂದ್ಸಲ ಬೆರಳಿಡಿ" ಅಂದರೆ ಎಚ್ಚರವಾಗಿರಿ. ನಿಜವಾಗಿಯೂ ಸರ್ವರ್ ಕೈಕೊಟ್ಟಿರಬಹುದು. ಎರಡನೇ ಬೆರಳಿಗೆ ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ಚಾಲೂ ಮಾಡಿ ವಂಚಕರಿಗೆ ಮಾರಿದ ಪ್ರಕರಣಗಳೂ ಉಂಟು. ಎರಡನೇ ಸಲ ಬೆರಳಿಡುವ ಮೊದಲು ಪರದೆಯಲ್ಲಿ ಬಂದಿರುವ ದೋಷದ ಸಂದೇಶ ತೋರಿಸಲು ಹೇಳಿ. ಮನೆಗೆ ಹೋದಮೇಲೆ ಮುಂದೆ ಹೇಳುವ ಪಟ್ಟಿಯನ್ನೂ ನೋಡಿ.

ಮೊದಲ ಹೆಜ್ಜೆ: ಮೊಬೈಲ್ ನಂಬರ್

ಆಧಾರ್, ಬ್ಯಾಂಕ್, ಇಮೇಲ್, ಡಿಜಿಲಾಕರ್ ಎಲ್ಲದರ ಒಟಿಪಿ ಬರುವುದು ಒಂದೇ ನಂಬರಿಗೆ. ಅದು ಕೈತಪ್ಪಿದರೆ ಉಳಿದ ಬೀಗಗಳನ್ನೆಲ್ಲ ಕಳ್ಳನೇ ತೆರೆಯಬಲ್ಲ. ಹಾಗಾಗಿ ಇಲ್ಲಿಂದಲೇ ಶುರು ಮಾಡಿ.

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಅಥವಾ ಅದರ ಆ್ಯಪ್ ತೆರೆಯಿರಿ. ನಿಮ್ಮ ಹೆಸರಿನಲ್ಲಿರುವ ಮೊಬೈಲ್ ಸಂಪರ್ಕಗಳನ್ನು ತಿಳಿಯುವ ವಿಭಾಗಕ್ಕೆ ಹೋಗಿ ನಿಮ್ಮ ನಂಬರ್ ಮತ್ತು ಒಟಿಪಿ ಕೊಟ್ಟರೆ ಪಟ್ಟಿ ಬರುತ್ತದೆ. ನಂಬರುಗಳ ಕೆಲವು ಅಂಕಿ ಮಾತ್ರ ಕಾಣಿಸುತ್ತವೆ, ಗುರುತಿಸಲು ಅಷ್ಟು ಸಾಕು. ನಿಮ್ಮದಲ್ಲದ ನಂಬರಿಗೆ "ಇದು ನನ್ನ ನಂಬರ್ ಅಲ್ಲ" ಎಂಬುದನ್ನೂ, ನಿಮ್ಮದೇ ಆದರೂ ಈಗ ಬಳಸದಿದ್ದರೆ "ಬೇಡ" ಎಂಬುದನ್ನೂ ಆರಿಸಿ ವರದಿ ಮಾಡಿ, ಸಿಗುವ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಬ್ಬರ ಹೆಸರಿನಲ್ಲಿ ಗರಿಷ್ಠ 9 ಸಂಪರ್ಕ ಇರಬಹುದು. ಅಪ್ಪನ ಹೆಸರಿನಲ್ಲಿ ಮನೆಮಂದಿಯೆಲ್ಲ ಸಿಮ್ ತೆಗೆದುಕೊಂಡಿರುವ ಮನೆಗಳಲ್ಲಿ ಪಟ್ಟಿ ನೋಡಿ ಗಾಬರಿಯಾಗುವ ಮೊದಲು ಎಲ್ಲರನ್ನೂ ಕೂರಿಸಿಕೊಂಡು ಒಂದೊಂದಾಗಿ ಗುರುತು ಹಾಕಿ. ತಪ್ಪಾಗಿ "ನನ್ನದಲ್ಲ" ಎಂದು ಒತ್ತಿದರೆ ತಂಗಿಯ ನಂಬರ್ ಬಂದ್ ಆಗಬಹುದು. ಈ ಪರಿಶೀಲನೆ ಮೂರು ತಿಂಗಳಿಗೊಮ್ಮೆ ನಡೆಯಲಿ.

ಮುಂದಿನದು ಸಿಮ್ ಪಿನ್. ಫೋನ್ ಸೆಟ್ಟಿಂಗ್ಸ್‌ನ ಭದ್ರತೆ ವಿಭಾಗದಲ್ಲಿ ಸಿಮ್ ಲಾಕ್ ಇರುತ್ತದೆ. ಫೋನ್ ಕದ್ದವನು ಪರದೆಯ ಲಾಕ್ ಮುರಿಯಲು ಹೋಗುವುದಿಲ್ಲ. ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿ ಒಟಿಪಿ ತರಿಸಿಕೊಳ್ಳುತ್ತಾನೆ. ಸಿಮ್ ಪಿನ್ ಇದ್ದರೆ ಆ ದಾರಿ ಮುಚ್ಚುತ್ತದೆ. ಮೊದಲ ಸಲ ಆನ್ ಮಾಡುವಾಗ ಕಂಪನಿಯ ಮೂಲ ಪಿನ್ ಕೇಳುತ್ತದೆ. ಅದನ್ನು ಊಹಿಸಬೇಡಿ, ಗ್ರಾಹಕ ಸೇವೆಗೆ ಕೇಳಿ. ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಲಾಕ್ ಆದ ಸಿಮ್ ಬಿಡಿಸುವ ಸಂಕೇತ, ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಿದರೆ ಆ ಸಿಮ್ ಶಾಶ್ವತವಾಗಿ ಸತ್ತುಹೋಗುತ್ತದೆ.

ಸುತ್ತಲಿನವರ ಫೋನಿಗೆ ನೆಟ್‌ವರ್ಕ್ ಇದ್ದು ನಿಮ್ಮದಕ್ಕೆ ಮಾತ್ರ ಇಲ್ಲದಿದ್ದರೆ, ಫೋನ್ ರೀಸ್ಟಾರ್ಟ್ ಮಾಡಿದರೂ ಬಾರದಿದ್ದರೆ, ಕಾಯಬೇಡಿ. ನಿಮ್ಮ ಹೆಸರಿನಲ್ಲಿ ಯಾರೋ ಡೂಪ್ಲಿಕೇಟ್ ಸಿಮ್ ಅಥವಾ ಇ-ಸಿಮ್ ಪಡೆದಿರಬಹುದು. ಇನ್ನೊಂದು ಫೋನಿನಿಂದ ಕಂಪನಿಗೆ ಕರೆ ಮಾಡಿ ನಂಬರ್ ಬಂದ್ ಮಾಡಿಸಿ, ನಂತರ ಬ್ಯಾಂಕಿಗೆ ಕರೆ ಮಾಡಿ. "ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡಿಕೊಡುತ್ತೇವೆ, ಬಂದ ಒಟಿಪಿ ಹೇಳಿ" ಎಂಬ ಕರೆಗೆ ಉತ್ತರವೇ ಬೇಡ.

ಫೋನ್ ಕಳೆದಾಗ ಅನುಸರಿಸುವ ಕ್ರಮವೂ ಮುಖ್ಯ. ಮೊದಲು ಸಿಮ್ ಬಂದ್, ತಕ್ಷಣ ಬ್ಯಾಂಕ್ ಮತ್ತು ಯುಪಿಐ ಬಂದ್, ಬಳಿಕ ಪೊಲೀಸ್ ದೂರು, ಅದಾದ ಮೇಲೆ ಅದೇ ನಂಬರಿನ ಡೂಪ್ಲಿಕೇಟ್ ಸಿಮ್, ಕೊನೆಗೆ ಸಂಚಾರ್ ಸಾಥಿಯಲ್ಲೇ ಇರುವ ಸಿಇಐಆರ್ ವಿಭಾಗದಲ್ಲಿ ಐಎಂಇಐ, ಅಂದರೆ ಫೋನಿನ ಗುರುತು ಸಂಖ್ಯೆಯ ಬ್ಲಾಕ್. ದೂರಿನ ಪ್ರತಿ ಮತ್ತು ಒಟಿಪಿ ಇಲ್ಲದೆ ಬ್ಲಾಕ್ ಮಾಡಲಾಗದು, ಅದಕ್ಕೇ ಅದು ಕೊನೆಗೆ. *#06# ಒತ್ತಿದರೆ ಐಎಂಇಐ ಕಾಣುತ್ತದೆ. ಇವತ್ತೇ ನೋಡಿ ಕಾಗದದ ಮೇಲೆ ಬರೆದಿಡಿ.

ಬಿಟ್ಟುಹೋದ ಹಳೆಯ ನಂಬರಿನ ಬಗ್ಗೆ ಬಹಳ ಜನ ಯೋಚಿಸುವುದಿಲ್ಲ. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಕಂಪನಿಗಳು ಬೇರೆಯವರಿಗೆ ಕೊಡುತ್ತವೆ. ನಿಮ್ಮ ಬ್ಯಾಂಕ್ ಖಾತೆ, ಆಧಾರ್, ಇಮೇಲ್‌ಗೆ ಆ ನಂಬರ್ ಇನ್ನೂ ಜೋಡಣೆಯಾಗಿದ್ದರೆ ಒಟಿಪಿ ಹೋಗುವುದು ಹೊಸಬರಿಗೆ. ನಂಬರ್ ಬಿಡುವ ಮೊದಲು ಅದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬದಲಿಸಿ, ವಾಟ್ಸ್ಆ್ಯಪ್ ಖಾತೆಯನ್ನೂ ಹೊಸ ನಂಬರಿಗೆ ವರ್ಗಾಯಿಸಿ.

ಎರಡನೇ ಹೆಜ್ಜೆ: ಇಮೇಲ್

ಎಲ್ಲ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದು ಇಮೇಲ್‌ಗೆ. ಅದಕ್ಕೆ ಬೇರೆಲ್ಲೂ ಬಳಸದ, 14 ಅಕ್ಷರಕ್ಕಿಂತ ಉದ್ದದ ಪಾಸ್‌ವರ್ಡ್ ಇಡಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಎಸ್‌ಎಂಎಸ್ ಒಟಿಪಿಗಿಂತ ಆಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ಕೀ ಉತ್ತಮ, ಏಕೆಂದರೆ ಸಿಮ್ ಕಳೆದರೂ ಅವು ನಿಮ್ಮ ಕೈಯಲ್ಲೇ ಇರುತ್ತವೆ. ಬ್ಯಾಕಪ್ ಕೋಡುಗಳನ್ನು ಮುದ್ರಿಸಿ ಪಾಸ್‌ಬುಕ್ ಜೊತೆ ಇಡಿ.

ಇನ್ನೆರಡು ಜಾಗ ನೋಡಲು ಮರೆಯಬೇಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ವಿಭಾಗ ತೆರೆಯಿರಿ. ಒಮ್ಮೆ ಒಳಗೆ ಬಂದ ಕಳ್ಳ, ಬ್ಯಾಂಕಿನ ಮೇಲ್‌ಗಳು ನಿಮಗೆ ಕಾಣದಂತೆ ನೇರ ಕಸದ ಬುಟ್ಟಿಗೆ ಹೋಗುವ ಫಿಲ್ಟರ್ ಇಟ್ಟು ಹೋಗಿರುತ್ತಾನೆ. ಪಾಸ್‌ವರ್ಡ್ ಬದಲಿಸಿದರೂ ಆ ಫಿಲ್ಟರ್ ಹಾಗೇ ಉಳಿಯುತ್ತದೆ. ಬಳಿಕ ಮೇಲ್ ಹುಡುಕಾಟದಲ್ಲಿ ಆಧಾರ್, ಪ್ಯಾನ್, ಪಾಸ್‌ಬುಕ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಹತ್ತು ವರ್ಷದಲ್ಲಿ ನೀವೇ ಕಳಿಸಿದ ಸ್ಕ್ಯಾನ್ ಪ್ರತಿಗಳು ಸಾಲುಗಟ್ಟಿ ಬರುತ್ತವೆ. ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ.

ಮೂರನೇ ಹೆಜ್ಜೆ: ಆಧಾರ್

ಮೈಆಧಾರ್ ಪೋರ್ಟಲ್‌ಗೆ ಆಧಾರ್ ಸಂಖ್ಯೆ ಮತ್ತು ಒಟಿಪಿ ಕೊಟ್ಟು ಲಾಗಿನ್ ಆಗಿ. ಒಟಿಪಿ ಬಾರದಿದ್ದರೆ ನಿಮ್ಮ ಆಧಾರ್‌ಗೆ ಹಳೆಯ ನಂಬರ್ ಇರಬಹುದು. ಅದನ್ನು ಮನೆಯಲ್ಲಿ ಕೂತು ಬದಲಿಸಲು ಹೋಗದೆ ಆಧಾರ್ ಸೇವೆ ಇರುವ ಅಂಚೆ ಕಚೇರಿ, ಬ್ಯಾಂಕ್ ಅಥವಾ ಆಧಾರ್ ಸೇವಾ ಕೇಂದ್ರಕ್ಕೆ ನೀವೇ ಹೋಗಿ. ಹಾದಿಬೀದಿಯ ಏಜೆಂಟರಿಗೆ ಬೆರಳು ಕೊಡಬೇಡಿ.

ಲಾಗಿನ್ ಆದ ಕೂಡಲೇ ದೃಢೀಕರಣ ಇತಿಹಾಸ ತೆರೆಯಿರಿ. ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲಿ ಬಳಕೆಯಾಯಿತು, ಒಟಿಪಿಯಿಂದಲೋ ಬೆರಳಚ್ಚಿನಿಂದಲೋ, ಯಾವ ಸಂಸ್ಥೆ ಕೇಳಿತು, ಪಾಸೋ ಫೇಲೋ ಎಲ್ಲವೂ ದಿನಾಂಕ, ಸಮಯದ ಸಮೇತ ಇರುತ್ತದೆ. ಒಂದು ಸಲಕ್ಕೆ 50 ದಾಖಲೆ ಕಾಣಿಸುತ್ತವೆ. ಪಡಿತರ, ಭವಿಷ್ಯನಿಧಿ, ಟೆಲಿಕಾಂ ಕಂಪನಿ, ನಿಮ್ಮ ಬ್ಯಾಂಕ್ ಇವು ಸಹಜ. ನೀವು ಎಲ್ಲಿಯೂ ಬೆರಳಿಡದ ದಿನ ಬೆರಳಚ್ಚಿನ ದಾಖಲೆ ಇದ್ದರೆ, ಅದರಲ್ಲೂ ಫೇಲ್ ಆದ ಪ್ರಯತ್ನಗಳು ಒಂದರ ಹಿಂದೆ ಒಂದು ಇದ್ದರೆ, ಯಾರೋ ನಿಮ್ಮ ಬಾಗಿಲು ತಟ್ಟಿ ನೋಡುತ್ತಿದ್ದಾರೆ. ಆ ಪುಟ ಡೌನ್‌ಲೋಡ್ ಮಾಡಿಕೊಳ್ಳಿ, ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ ದೂರು ಕೊಡಿ.

ಈಗ ಬಯೋಮೆಟ್ರಿಕ್ ಲಾಕ್. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಪೋರ್ಟಲ್‌ನಲ್ಲಿ ಅಥವಾ ಆಧಾರ್ ಆ್ಯಪ್‌ನಲ್ಲಿ ಲಾಕ್ ಆರಿಸಿ ಒಪ್ಪಿಗೆ ಕೊಟ್ಟರೆ ಬೆರಳಚ್ಚು, ಕಣ್ಣಿನ ಪಾಪೆ, ಮುಖ ಮೂರರ ದೃಢೀಕರಣವೂ ನಿಲ್ಲುತ್ತದೆ. ನಕಲಿ ಬೆರಳು ಎಷ್ಟೇ ಚೆನ್ನಾಗಿದ್ದರೂ ಯಂತ್ರದಲ್ಲಿ 330 ಎಂಬ ದೋಷ ಸಂಖ್ಯೆ ಬರುತ್ತದೆ. ಒಟಿಪಿ ಮೂಲಕ ನಡೆಯುವ ಕೆಲಸಗಳು ಎಂದಿನಂತೆ ನಡೆಯುತ್ತವೆ. ಸರ್ಕಾರದ ಸಹಾಯಧನ ಖಾತೆಗೆ ಬರುವುದಕ್ಕೂ ತೊಂದರೆಯಿಲ್ಲ.

ತೊಂದರೆಯಾಗುವುದು ನೀವೇ ಬೆರಳಿಡಬೇಕಾದ ಕಡೆ: ನ್ಯಾಯಬೆಲೆ ಅಂಗಡಿ, ಹೊಸ ಸಿಮ್, ನಿವೃತ್ತರ ಜೀವನ ಪ್ರಮಾಣ ಪತ್ರ, ಬ್ಯಾಂಕ್ ಮಿತ್ರರ ಬಳಿ ನಗದು. ಅಲ್ಲಿಗೆ ಹೋದಾಗ ಆ್ಯಪ್‌ನಿಂದ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿದರೆ ಸುಮಾರು ಹತ್ತು ನಿಮಿಷ ತೆರೆದಿದ್ದು ತಾನೇ ಮತ್ತೆ ಮುಚ್ಚಿಕೊಳ್ಳುತ್ತದೆ. ಸಾಲಿನಲ್ಲಿ ನಿಂತಾಗಲೇ ಅನ್‌ಲಾಕ್ ಮಾಡಬೇಡಿ, ನಿಮ್ಮ ಸರದಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಸ್ಮಾರ್ಟ್‌ಫೋನ್ ಇಲ್ಲದ, ಗೃಹಲಕ್ಷ್ಮಿ ಹಣವನ್ನೋ ಪಿಂಚಣಿಯನ್ನೋ ಹೆಬ್ಬೆಟ್ಟು ಒತ್ತಿಯೇ ತೆಗೆಯುವ ತಾಯಂದಿರಿಗೆ ಲಾಕ್ ಹಾಕಿಸಿ ಬಿಟ್ಟುಬಿಟ್ಟರೆ ಅವರ ಊಟಕ್ಕೇ ಸಂಚಕಾರ. ಅವರಿಗೆ ಬೇರೆ ಉಪಾಯ ಮಾಡಿ. ಹೆಬ್ಬೆಟ್ಟಿನ ಖಾತೆಯಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ ಇರಲಿ. ಉಳಿತಾಯ ಬೇರೊಂದು ಬ್ಯಾಂಕಿನಲ್ಲಿರಲಿ, ಆ ಶಾಖೆಗೆ ಎಇಪಿಎಸ್ ಮೂಲಕ ಹಣ ತೆಗೆಯುವ ಸೌಲಭ್ಯ ಬೇಡ ಎಂದು ಬರೆದುಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಹಣ ತೆಗೆದ ಪ್ರತಿ ಸಲವೂ ರಸೀದಿ ಕೇಳುವ ಅಭ್ಯಾಸ ಮಾಡಿಸಿ. ಹಣ ಕೊಡುವ ಮೊದಲು "ಬ್ಯಾಲೆನ್ಸ್ ನೋಡೋಣ" ಎಂದು ಬೆರಳು ಒತ್ತಿಸಿಕೊಂಡು ಅಷ್ಟರಲ್ಲೇ ಒಂದು ಮೊತ್ತ ಎತ್ತಿಬಿಡುವವರೂ ಇದ್ದಾರೆ. ಖಾತೆಗೆ ಎಸ್‌ಎಂಎಸ್ ಸೂಚನೆ ಬರುವಂತೆ ಮಗನದೋ ಮಗಳದೋ ನಂಬರ್ ಜೋಡಿಸಿದರೆ ಆ ಕ್ಷಣವೇ ಗೊತ್ತಾಗುತ್ತದೆ.

ವರ್ಚುವಲ್ ಐಡಿ ಎಂಬ 16 ಅಂಕಿಯ ಸಂಖ್ಯೆಯನ್ನು ಅದೇ ಪೋರ್ಟಲ್‌ನಲ್ಲಿ ಪಡೆಯಬಹುದು. ಆಧಾರ್ ದೃಢೀಕರಣಕ್ಕೆ 12 ಅಂಕಿಯ ಬದಲು ಇದನ್ನು ಕೊಡಬಹುದು. ಹೊಸದು ಪಡೆದ ಕ್ಷಣ ಹಳೆಯದು ರದ್ದಾಗುತ್ತದೆ. ಆಧಾರ್ ಸಂಖ್ಯೆಯನ್ನೇ ಲಾಕ್ ಮಾಡುವ ಸೌಲಭ್ಯವೂ ಇದೆ. ಅದಕ್ಕೆ ಮೊದಲು ವರ್ಚುವಲ್ ಐಡಿ ಇರಬೇಕು, ಆಮೇಲೆ ಎಲ್ಲ ಕಡೆ ಅದನ್ನೇ ಕೊಡಬೇಕಾಗುತ್ತದೆ. ದಿನನಿತ್ಯ ಆಧಾರ್ ಬೇಕಾಗುವವರಿಗೆ ಬಯೋಮೆಟ್ರಿಕ್ ಲಾಕ್ ಸಾಕು ಎಂಬುದು ನಮ್ಮ ಅಭಿಪ್ರಾಯ.

ಪ್ರತಿ ಕೊಡುವ ಕ್ರಮ

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಝೆರಾಕ್ಸ್ ಯಾರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದ್ದರಿಂದ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಲಾಯಿತು. ಪ್ರಕಟಣೆ ಹೋಯಿತು, ಸಲಹೆ ಮಾತ್ರ ಇಂದಿಗೂ ಸರಿಯಾದದ್ದೇ. ಲಾಡ್ಜ್, ಪಿಜಿ, ಬಾಡಿಗೆ ಮನೆ, ಕಚೇರಿಯ ಪ್ರವೇಶದ್ವಾರ ಇಲ್ಲೆಲ್ಲ ಮಾಸ್ಕ್ಡ್ ಪ್ರತಿ ಸಾಕು. ಇ-ಆಧಾರ್ ಡೌನ್‌ಲೋಡ್ ಮಾಡುವಾಗಲೇ ಆ ಆಯ್ಕೆ ಇರುತ್ತದೆ.

ಡೌನ್‌ಲೋಡ್ ಆದ ಕಡತದ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಇದು ಎಲ್ಲರಿಗೂ ಗೊತ್ತಿರುವ ಸೂತ್ರವಾದ್ದರಿಂದ ಆ ಪಾಸ್‌ವರ್ಡನ್ನು ರಕ್ಷಣೆ ಎಂದು ನಂಬಬೇಡಿ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆಸಿದರೆ ಡೌನ್‌ಲೋಡ್ ಫೋಲ್ಡರಿನಿಂದಲೂ ರೀಸೈಕಲ್ ಬಿನ್‌ನಿಂದಲೂ ಕಣ್ಣೆದುರೇ ಅಳಿಸಿ. ಅಂಗಡಿಯ ವಾಟ್ಸ್ಆ್ಯಪ್ ನಂಬರಿಗೆ ಕಳಿಸಿದ್ದರೆ ಪ್ರಿಂಟ್ ಬಂದ ಕೂಡಲೇ "ಎಲ್ಲರಿಗೂ ಅಳಿಸು" ಒತ್ತಿ. ಕೆಟ್ಟುಹೋದ ಝೆರಾಕ್ಸ್ ಹಾಳೆಯನ್ನು ಅಲ್ಲಿನ ಬುಟ್ಟಿಗೆ ಹಾಕದೆ ಮನೆಗೆ ತನ್ನಿ.

ಪೂರ್ಣ ಪ್ರತಿಯನ್ನೇ ಕೊಡಬೇಕಾದಲ್ಲಿ ಅದರ ಮೇಲೆ ಅಡ್ಡಡ್ಡವಾಗಿ ಬರೆಯಿರಿ: ಯಾರಿಗೆ, ಯಾವ ಉದ್ದೇಶಕ್ಕೆ, ಯಾವ ದಿನಾಂಕ, ಸಹಿ. "ಬಾಡಿಗೆ ಕರಾರಿಗೆ ಮಾತ್ರ" ಎಂಬ ಬರಹ ಭಾವಚಿತ್ರದ ಅಂಚನ್ನೂ ಹೆಸರಿನ ಸಾಲನ್ನೂ ಹಾದುಹೋಗಬೇಕು. ಮೂಲೆಯಲ್ಲಿ ಬರೆದರೆ ಬಿಳಿ ಕಾಗದ ಮುಚ್ಚಿ ಮತ್ತೆ ಝೆರಾಕ್ಸ್ ಮಾಡಿಬಿಡುತ್ತಾರೆ. ಡಿಜಿಲಾಕರ್‌ನಲ್ಲಿ ಇಲಾಖೆಯಿಂದ ನೇರ ಬಂದ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ. ಫೋನಿನಲ್ಲೇ ತೋರಿಸಿ ಮುಗಿಸಬಹುದಾದ ಕಡೆ ಕಾಗದವೇ ಬೇಡ.

ನಾಲ್ಕನೇ ಹೆಜ್ಜೆ: ಪ್ಯಾನ್ ಮತ್ತು ಕ್ರೆಡಿಟ್ ವರದಿ

ಪ್ಯಾನ್‌ಗೆ ಆಧಾರ್‌ನಂತೆ ಲಾಕ್ ಇಲ್ಲ. ಕಣ್ಣಿಟ್ಟು ಕಾಯುವುದೊಂದೇ ದಾರಿ. ದೇಶದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ. ಯಾರ ಹೆಸರಿನಲ್ಲಿ ಯಾವ ಸಾಲ ಇದೆ ಎಂಬ ದಾಖಲೆ ಇಡುವವರು ಇವರೇ. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಾಲ್ಕನ್ನೂ ಒಂದೇ ದಿನ ತೆಗೆಯದೆ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು, ಜುಲೈಯಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು ತೆಗೆಯಿರಿ. ಪೈಸೆ ಖರ್ಚಿಲ್ಲದೆ ವರ್ಷಪೂರ್ತಿ ಕಾವಲು. ಕಂಪನಿಯ ಅಧಿಕೃತ ತಾಣದಿಂದಲೇ ತೆಗೆಯಿರಿ. "ಉಚಿತ ಸ್ಕೋರ್" ಎಂದು ಕರೆಯುವ ಆ್ಯಪ್‌ಗಳು ನಿಮ್ಮ ಮಾಹಿತಿಯನ್ನು ಸಾಲದ ಏಜೆಂಟರಿಗೆ ಹಂಚುವುದುಂಟು. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ.

ವರದಿಯಲ್ಲಿ ಸ್ಕೋರ್ ನೋಡಿ ಮುಚ್ಚಿಬಿಡಬೇಡಿ, ಅದು ಇಲ್ಲಿ ಮುಖ್ಯವಲ್ಲ. ಮೊದಲು ವಿಚಾರಣೆಗಳ ಭಾಗ ನೋಡಿ, ಅಂದರೆ ಯಾವ ಯಾವ ಸಂಸ್ಥೆ ನಿಮ್ಮ ವರದಿ ಕೇಳಿದೆ ಎಂಬ ಪಟ್ಟಿ. ನೀವು ಅರ್ಜಿಯನ್ನೇ ಹಾಕದ ಸಂಸ್ಥೆ ಅಲ್ಲಿದ್ದರೆ ಯಾರೋ ಪ್ರಯತ್ನಿಸಿದ್ದಾರೆ. ಸಾಲ ಕಾಣಿಸಿಕೊಳ್ಳುವ ಮೊದಲೇ ಸಿಗುವ ಸುಳಿವು ಇದು. ಬಳಿಕ ವಿಳಾಸ, ಫೋನ್, ಇಮೇಲ್ ಪಟ್ಟಿ. ಎಂದೂ ಕೇಳದ ಊರಿನ ವಿಳಾಸ ಇದ್ದರೆ ಅದು ವಂಚಕ ಬರೆದದ್ದಿರಬಹುದು. ಕೊನೆಗೆ ಖಾತೆಗಳು. ಸಾಲದ ಆ್ಯಪ್‌ನ ಹೆಸರೇ ವರದಿಯಲ್ಲಿ ಇರುವುದಿಲ್ಲ, ಹಿಂದಿರುವ ಬ್ಯಾಂಕೇತರ ಹಣಕಾಸು ಕಂಪನಿಯ ಹೆಸರು ಇರುತ್ತದೆ. ನೀವೇ ಕಂತಿನಲ್ಲಿ ಕೊಂಡ ಫ್ರಿಜ್ಜಿನ ಸಾಲವೂ ಹೀಗೆ ಅಪರಿಚಿತ ಹೆಸರಿನಲ್ಲಿ ಕಾಣಬಹುದು. ಮೊತ್ತ ಮತ್ತು ದಿನಾಂಕ ಹೊಂದಿಸಿ ನೋಡಿ.

ನಿಮ್ಮ ವರದಿಯನ್ನು ಯಾರಾದರೂ ಕೇಳಿದಾಗ ಕ್ರೆಡಿಟ್ ಕಂಪನಿಗಳು ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅವರ ಬಳಿ ನಿಮ್ಮ ಈಗಿನ ನಂಬರ್ ಇದ್ದರೆ ಮಾತ್ರ ಅದು ನಿಮಗೆ ತಲುಪುತ್ತದೆ. ಬ್ಯಾಂಕಿನಲ್ಲಿ ನಂಬರ್, ಇಮೇಲ್ ಸರಿಪಡಿಸುವುದಕ್ಕೆ ಇದೂ ಒಂದು ಕಾರಣ.

ಆದಾಯ ತೆರಿಗೆ ಪೋರ್ಟಲ್ ಇನ್ನೊಂದು ಒಳ್ಳೆಯ ಕಿಟಕಿ. ವರ್ಷಕ್ಕೊಮ್ಮೆಯಾದರೂ, ತೆರಿಗೆ ವಿವರ ಸಲ್ಲಿಸದವರೂ, ಎಐಎಸ್ ಎಂಬ ವಾರ್ಷಿಕ ಮಾಹಿತಿ ವಿವರಣೆ ತೆರೆದು ನೋಡಿ. ನಿಮ್ಮ ಪ್ಯಾನ್ ಮೇಲೆ ಬಂದ ಸಂಬಳ, ಬಡ್ಡಿ, ಷೇರು ವ್ಯವಹಾರ ಅಲ್ಲಿರುತ್ತದೆ. ನಿಮಗೆ ಖಾತೆಯೇ ಇಲ್ಲದ ಬ್ಯಾಂಕಿನಿಂದ ಉಳಿತಾಯ ಬಡ್ಡಿ ಬಂದಿದೆ ಎಂದಿದ್ದರೆ ನಿಮ್ಮ ಹೆಸರಿನಲ್ಲಿ ಖಾತೆ ತೆರೆದು ಕಳ್ಳದುಡ್ಡು ಸಾಗಿಸುತ್ತಿರಬಹುದು. ಕ್ರೆಡಿಟ್ ವರದಿಯಲ್ಲಿ ಸಾಲ ಮಾತ್ರ ಇರುವುದರಿಂದ ಇಂಥ ಖಾತೆ ಅಲ್ಲಿ ಸಿಗುವುದಿಲ್ಲ. ತಪ್ಪು ನಮೂದಿನ ಎದುರು "ಈ ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದು" ಅಥವಾ "ನಿರಾಕರಿಸುತ್ತೇನೆ" ಎಂದು ಪ್ರತಿಕ್ರಿಯೆ ದಾಖಲಿಸಿ, ಆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಪ್ಯಾನ್ ಮೂಲಕ ಹುಡುಕುವ ಸೌಲಭ್ಯವಿದೆ. ನಿಮ್ಮ ಪ್ಯಾನ್ ಹಾಕಿ ನೋಡಿ. ಗೊತ್ತಿಲ್ಲದ ರಾಜ್ಯದಲ್ಲಿ ನಿಮ್ಮ ಹೆಸರಿನ ಕಂಪನಿ ಇದ್ದರೆ ಮುಂದೆ ತೆರಿಗೆ ನೋಟಿಸ್ ಬರುವುದು ನಿಮಗೇ.

ಕೈಯಾರೆ ಕೊಡುವ ಮಾಹಿತಿ

ಆರ್‌ಟಿಒ ಚಲನ್, ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ ಕಡತ ನಿಮ್ಮ ಎಸ್‌ಎಂಎಸ್ ಓದುವ ಆ್ಯಪ್. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಎಂದೂ ಎಪಿಕೆ ಆಗಿ ಬರುವುದಿಲ್ಲ. ಒತ್ತಿಬಿಟ್ಟಿದ್ದರೆ ಮೊದಲು ಇಂಟರ್‌ನೆಟ್ ಆಫ್ ಮಾಡಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ, ಮುಖ್ಯ ಕಡತಗಳನ್ನು ತೆಗೆದಿಟ್ಟು ಫೋನ್ ಫ್ಯಾಕ್ಟರಿ ರೀಸೆಟ್ ಮಾಡಿ. ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಆನ್ ಆಗಿದೆಯೇ ಎಂಬುದನ್ನೂ ನೋಡಿ, ಆನ್ ಆಗಿದ್ದರೆ ಧ್ವನಿಯಲ್ಲಿ ಬರುವ ಒಟಿಪಿ ಬೇರೆಡೆ ಹೋಗುತ್ತದೆ.

"ನಿಮ್ಮ ಆಧಾರ್ ಹೆಸರಲ್ಲಿ ಬಂದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ" ಎಂದು ವೀಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರದಲ್ಲಿ ಹೆದರಿಸುವವರು ವಂಚಕರು. ವೀಡಿಯೊ ಕರೆಯಲ್ಲಿ ಬಂಧಿಸುವ ಅಧಿಕಾರ ಕಾನೂನಿನಲ್ಲೇ ಇಲ್ಲ. ಕೆಲಸ ಹುಡುಕುತ್ತಿರುವವರು ಇನ್ನೊಂದು ಗಮನಿಸಿ: ಆಫರ್ ಪತ್ರಕ್ಕೆ ಮೊದಲೇ ಪ್ಯಾನ್, ಆಧಾರ್, ರದ್ದು ಮಾಡಿದ ಚೆಕ್ ಕೇಳುವ ಸಂಸ್ಥೆಗೆ ಏನನ್ನೂ ಕಳಿಸಬೇಡಿ. ರೆಸ್ಯೂಮೆಯಲ್ಲಿ ಹುಟ್ಟಿದ ದಿನಾಂಕವೂ ಬೇಡ, ತಂದೆಯ ಹೆಸರೂ ಬೇಡ.

ಆಗಿಹೋಗಿದ್ದರೆ

ಹಣ ಹೋಗಿದ್ದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಖಾತೆಯಿಂದ ಖಾತೆಗೆ ಹಣ ಹಾರುವ ಮೊದಲೇ ತಡೆಹಿಡಿಯುವ ವ್ಯವಸ್ಥೆ ಇದರ ಹಿಂದಿದೆ, ಆದ್ದರಿಂದ ಪ್ರತಿ ನಿಮಿಷವೂ ಮುಖ್ಯ. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮೊತ್ತ, ಸಮಯ, ವಹಿವಾಟಿನ ಉಲ್ಲೇಖ ಸಂಖ್ಯೆ (ಯುಟಿಆರ್) ಕೈಯಲ್ಲಿರಲಿ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ತಿಗೊಳಿಸಿ.

ಬ್ಯಾಂಕಿಗೆ ಅದೇ ದಿನ ಲಿಖಿತವಾಗಿ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎನ್ನುವ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿಯ ಹೊಣೆ ನಿಮ್ಮದು. ಅದಕ್ಕೂ ತಡವಾದರೆ ಬ್ಯಾಂಕಿನ ನೀತಿಯಂತೆ. ಒಟಿಪಿ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ ಎನ್ನುತ್ತದೆ ನಿಯಮ. ಹಾಗೆಂದು ಸುಮ್ಮನಿರಬೇಡಿ, ತಿಳಿಸಿದ ನಂತರ ಹೋದ ಹಣಕ್ಕೆ ಬ್ಯಾಂಕೇ ಹೊಣೆ.

ಸಾಲದ ಪ್ರಕರಣ ಬೇರೆ ಬಗೆಯದು. ವಸೂಲಿಗೆ ಕರೆ ಮಾಡಿದವರ ಜೊತೆ ಫೋನಿನಲ್ಲಿ ವಾದಿಸುತ್ತ ಕೂರಬೇಡಿ. ಸಾಲ ಕೊಟ್ಟ ಸಂಸ್ಥೆಯ ದೂರು ಪರಿಹಾರ ಅಧಿಕಾರಿಗೆ ಇಮೇಲ್ ಬರೆದು ಇವಿಷ್ಟನ್ನೂ ಕೇಳಿ: ಸಾಲದ ಅರ್ಜಿ, ಕೊಟ್ಟ ಗುರುತಿನ ದಾಖಲೆಗಳ ಪ್ರತಿ, ಸೆಲ್ಫಿ ಅಥವಾ ವೀಡಿಯೊ ಪರಿಶೀಲನೆಯ ದಾಖಲೆ, ಅರ್ಜಿ ಬಂದ ಮೊಬೈಲ್ ನಂಬರ್ ಮತ್ತು ಐಪಿ ವಿಳಾಸ, ಹಣ ಜಮೆಯಾದ ಖಾತೆಯ ಸಂಖ್ಯೆ. ಕೊನೆಯದೇ ನಿಮ್ಮ ದೊಡ್ಡ ಸಾಕ್ಷಿ. ಹಣ ಬಂದದ್ದು ನಿಮ್ಮ ಖಾತೆಗಲ್ಲ ಎಂಬುದು ಅಲ್ಲೇ ಸಾಬೀತಾಗುತ್ತದೆ. "ಸ್ವಲ್ಪ ಕಟ್ಟಿ, ಸೆಟಲ್ ಮಾಡಿಬಿಡೋಣ" ಎಂದರೆ ಒಂದು ರೂಪಾಯಿಯೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಎಂದು ಒಪ್ಪಿಕೊಂಡಂತೆ ವಾದ ಬರುತ್ತದೆ, ವರದಿಯಲ್ಲೂ ಸೆಟಲ್ಡ್ ಎಂಬ ಕಲೆ ವರ್ಷಗಟ್ಟಲೆ ಉಳಿಯುತ್ತದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ. ಮಾಡಿದರೆ ಸಮಯದ ಸಮೇತ ದಾಖಲಿಸಿಡಿ.

ಅದೇ ದಿನ ಕ್ರೆಡಿಟ್ ಕಂಪನಿಯ ತಾಣದಲ್ಲಿ ಆ ಖಾತೆಯ ಮೇಲೆ ತಕರಾರು ದಾಖಲಿಸಿ. ನಾಲ್ಕೂ ಕಡೆ ಪ್ರತ್ಯೇಕವಾಗಿ ಮಾಡಬೇಕು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವಿದೆ, ಪತ್ರದಲ್ಲಿ ಅದನ್ನು ನಮೂದಿಸಿ. ಸಂಸ್ಥೆ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ಪೋರ್ಟಲ್‌ನಲ್ಲಿ ಉಚಿತವಾಗಿ ದೂರು ಕೊಡಬಹುದು. ವಕೀಲರು ಬೇಕಿಲ್ಲ.

ಪೊಲೀಸ್ ದೂರಿಗೆ ಕರ್ನಾಟಕದಲ್ಲಿ ಜಿಲ್ಲಾ ಮಟ್ಟದ ಸೆನ್ ಠಾಣೆಗಳಿವೆ, ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆ. ಹತ್ತಿರದ ಸಾಮಾನ್ಯ ಠಾಣೆಯಲ್ಲೂ ದೂರು ಕೊಡಬಹುದು. ವ್ಯಾಪ್ತಿ ಬೇರೆ ಎಂಬ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಸಿ ಮತ್ತು 66ಡಿ ಎಂದು ಬರೆಯಿರಿ. ಮೊದಲನೆಯದು ಗುರುತಿನ ಕಳವಿಗೆ, ಎರಡನೆಯದು ಕಂಪ್ಯೂಟರ್ ಬಳಸಿ ಸೋಗು ಹಾಕಿ ವಂಚಿಸಿದ್ದಕ್ಕೆ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಎಫ್‌ಐಆರ್ ಪ್ರತಿ ಅಥವಾ ಕನಿಷ್ಠ ಸ್ವೀಕೃತಿ ಪಡೆಯದೆ ಹೊರಬರಬೇಡಿ, ಬ್ಯಾಂಕು ಮತ್ತು ಕ್ರೆಡಿಟ್ ಕಂಪನಿ ಮೊದಲು ಕೇಳುವುದು ಅದನ್ನೇ.

ಹೊರದೇಶದಲ್ಲಿರುವವರು, ತೀರಿಕೊಂಡವರು

ಅಮೆರಿಕದಲ್ಲಿರುವ ಕನ್ನಡಿಗರಿಗೆ ಅಲ್ಲಿ ಕ್ರೆಡಿಟ್ ಫ್ರೀಜ್ ಎಂಬ ಗಟ್ಟಿ ಬೀಗವಿದೆ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಬೇರೆಬೇರೆಯಾಗಿ ಹಾಕಬೇಕು, 2018ರಿಂದ ಉಚಿತ. ತೆರಿಗೆ ಇಲಾಖೆ ಕೊಡುವ 6 ಅಂಕಿಯ ಐಪಿ ಪಿನ್ ಪಡೆದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಆನ್‌ಲೈನ್‌ನಲ್ಲಿ ತೆರಿಗೆ ವಿವರ ಸಲ್ಲಿಸಿ ಮರುಪಾವತಿ ಎತ್ತಿಕೊಳ್ಳಲಾಗದು. ಊರಿನ ಸಿಮ್ ಮಾತ್ರ ಮರೆತುಬಿಡಬೇಡಿ. 90 ದಿನ ಬಳಸದೆ, ರೀಚಾರ್ಜೂ ಇಲ್ಲದೆ ಬಿಟ್ಟರೆ ಆ ನಂಬರ್ ಕೈಬಿಡುವ ಸಾಧ್ಯತೆ ಇದೆ. ಅದರ ಜೊತೆ ಆಧಾರ್, ಬ್ಯಾಂಕ್ ಎಲ್ಲದರ ಒಟಿಪಿಯೂ ಹೋಗುತ್ತದೆ.

ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಅವರ ದಾಖಲೆಗಳ ಕಡೆ ಗಮನ ಹೋಗುವುದೇ ಇಲ್ಲ. ಪ್ರಶ್ನಿಸಲು ಯಾರೂ ಇರದ ಆ ಹೆಸರು ವಂಚಕರಿಗೆ ಸುಲಭದ ತುತ್ತು. ಮರಣ ಪ್ರಮಾಣ ಪತ್ರದ ನಾಲ್ಕೈದು ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಿ. ಮೊಬೈಲ್ ನಂಬರನ್ನು ತಕ್ಷಣ ಬಂದ್ ಮಾಡಿಸಬೇಡಿ. ಬ್ಯಾಂಕ್, ವಿಮೆ, ಪಿಂಚಣಿ ವ್ಯವಹಾರ ಮುಗಿಯುವವರೆಗೆ ಅದು ಬೇಕಾಗುತ್ತದೆ, ಆಮೇಲೆ ಬಂದ್ ಮಾಡಿಸಿ. ಕೊನೆಯ ತೆರಿಗೆ ವಿವರ ಸಲ್ಲಿಕೆಯಾದ ನಂತರ ಪ್ಯಾನ್ ರದ್ದತಿಗೆ ಅರ್ಜಿ ಕೊಡಿ. ಕುಟುಂಬದವರ ಮರಣ ವರದಿ ಮಾಡುವ ಸೇವೆ 2025ರಿಂದ ಮೈಆಧಾರ್ ಪೋರ್ಟಲ್‌ನಲ್ಲಿದೆ, ಮರಣ ನೋಂದಣಿ ಸಂಖ್ಯೆ ಕೈಯಲ್ಲಿಟ್ಟುಕೊಂಡು ಲಾಗಿನ್ ಆಗಿ.